ಶಸ್ತ್ರಚಿಕಿತ್ಸೋತ್ತರ ವಾಕರಿಕೆಗೆ ಕೈಚಿಕಿತ್ಸೆ

ಶಸ್ತ್ರಚಿಕಿತ್ಸೆಯ ನಂತರ ರೋಗಿಗೆ ಬರುವ ವಾಕರಿಕೆ, ವಾಂತಿಗಳನ್ನು ಔಷಧದ ಜೊತೆಗೆ ಅಥವಾ ಔಷಧಕ್ಕೆ ಮುಂಚೆ ಕೈಯಿಂದ ಒತ್ತಿ, ನೀವಿ ಶಮನಗೊಳಿಸುವ ವಿಧಾನಗಳಿಗೆ ಒಟ್ಟಾಗಿ ಕೈಚಿಕಿತ್ಸೆ ಎನ್ನಬಹುದು. ಇವುಗಳಲ್ಲಿ ಹೆಚ್ಚು ಪರೀಕ್ಷೆಗೆ ಒಳಗಾದದ್ದು ಮುಂಗೈ ಒಳಭಾಗದ ಪಿ6 ಎಂಬ ಬಿಂದುವನ್ನು ಒತ್ತುವ ಅಕ್ಯುಪ್ರೆಶರ್. ಚೀನೀ ವೈದ್ಯದಲ್ಲಿ ಇದರ ಹೆಸರು ನೇಗ್ವಾನ್. ಪಾದ ಮತ್ತು ಬೆನ್ನಿನ ಮಾಲೀಸು, ಹಸ್ತದ ಬಿಂದುಗಳನ್ನು ಒತ್ತುವ ಕೊರಿಯಾದ ಪದ್ಧತಿ ಮುಂತಾದವೂ ಬಳಕೆಯಲ್ಲಿವೆ. ಆದರೆ ಅವುಗಳ ಬಗೆಗಿನ ಪುರಾವೆ ತೆಳುವಾಗಿದೆ. ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿ, ಜಮಖಂಡಿ, ಮುಧೋಳ, ಬೀಳಗಿ ಭಾಗದಲ್ಲಿ ಹೊಟ್ಟೆ ತಿಕ್ಕುವ ಹಳೆಯ ರೂಢಿಯೊಂದು ಈಗಲೂ ಇದೆ. ಹೀಗಾಗಿ ಆಪರೇಶನ್ ಆದವರಿಗೆ ಕೈಚಿಕಿತ್ಸೆ ಮಾಡುವಾಗ ಎಲ್ಲಿ ಮುಟ್ಟಬೇಕು, ಎಲ್ಲಿ ಮುಟ್ಟಬಾರದು ಎಂಬ ತಿಳಿವಳಿಕೆ ಇಲ್ಲಿ ವಿಶೇಷವಾಗಿ ಅಗತ್ಯ.

ವಾಕರಿಕೆಯ ಕಾರಣಗಳು

ಅರಿವಳಿಕೆ ಪಡೆದವರಲ್ಲಿ ಸುಮಾರು ಮೂರನೇ ಒಂದು ಪಾಲು ಜನರಿಗೆ ಮೊದಲ 24 ಗಂಟೆಗಳಲ್ಲಿ ವಾಕರಿಕೆಯೋ ವಾಂತಿಯೋ ಕಾಣಿಸಿಕೊಳ್ಳುತ್ತದೆ. ಅಪಾಯ ಹೆಚ್ಚಿರುವವರಲ್ಲಿ ಇದು ಶೇ. 80ರವರೆಗೂ ಹೋಗುತ್ತದೆ. ಮೆದುಳಿನ ಬುಡದಲ್ಲಿರುವ ಒಂದು ಚಿಕ್ಕ ಪ್ರದೇಶವು ರಕ್ತದಲ್ಲಿ ತೇಲಿಬರುವ ವಿಜಾತೀಯ ವಸ್ತುಗಳನ್ನು ಗುರುತಿಸುತ್ತದೆ. ಅರಿವಳಿಕೆಯ ಅನಿಲಗಳು ಮತ್ತು ಮಾರ್ಫಿನ್ ಜಾತಿಯ ನೋವುನಿವಾರಕಗಳು ಅದನ್ನು ಕೆಣಕುತ್ತವೆ. ಕರುಳಿಗೆ ಕೈ ತಾಗಿದಾಗ ಅಲ್ಲಿನ ಕೋಶಗಳು ಸೆರೊಟೋನಿನ್ ಬಿಡುಗಡೆ ಮಾಡುತ್ತವೆ, ವೇಗಸ್ ನರ ಆ ಸುದ್ದಿಯನ್ನು ಮೇಲಕ್ಕೆ ಒಯ್ಯುತ್ತದೆ. ಒಳಕಿವಿಯ ಸಮತೋಲನದ ಅಂಗವೂ ಇದರಲ್ಲಿ ಪಾಲುಗೊಳ್ಳುತ್ತದೆ. ವಾರ್ಡಿನಲ್ಲಿ ಸುಮ್ಮನೆ ಮಲಗಿದ್ದವರಿಗೆ ಎದ್ದು ಕುಳಿತ ಕೂಡಲೇ ಹೊಟ್ಟೆ ತೊಳಸುವುದು, ಮನೆಗೆ ಹೋಗುವ ಗಾಡಿಯಲ್ಲಿ ವಾಂತಿ ಶುರುವಾಗುವುದು ಇದರಿಂದಲೇ. ಬೆನ್ನಿಗೆ ಚುಚ್ಚುಮದ್ದು ಕೊಟ್ಟು ಮಾಡುವ ಸಿಸೇರಿಯನ್‌ನಲ್ಲಿ ಕಾರಣ ಬೇರೆ. ರಕ್ತದೊತ್ತಡ ಹಠಾತ್ತನೆ ಕುಸಿದಾಗ ಬರುವ ವಾಕರಿಕೆಗೆ ಒತ್ತಡ ಏರಿಸುವ ಔಷಧವೇ ಮೊದಲ ಮದ್ದು.

ಯಾರಿಗೆ ಅಪಾಯ ಹೆಚ್ಚು ಎಂಬುದನ್ನು ಅಂದಾಜಿಸಲು ಅರಿವಳಿಕೆ ತಜ್ಞರು 1999ರಲ್ಲಿ ಪ್ರಕಟವಾದ ಆಫೆಲ್ ಅಂಕಪಟ್ಟಿಯನ್ನು ಬಳಸುತ್ತಾರೆ. ಅದರಲ್ಲಿರುವ ಪ್ರಶ್ನೆಗಳು ನಾಲ್ಕು: ರೋಗಿ ಹೆಂಗಸೇ? ಬೀಡಿ-ಸಿಗರೇಟಿನ ಅಭ್ಯಾಸ ಇಲ್ಲದವರೇ? ಹಿಂದೆ ಆಪರೇಶನ್ ಆದಾಗ ಅಥವಾ ಬಸ್ ಪ್ರಯಾಣದಲ್ಲಿ ವಾಂತಿ ಆಗಿದ್ದುಂಟೇ? ನಂತರ ಮಾರ್ಫಿನ್ ಜಾತಿಯ ಔಷಧ ಬೇಕಾಗುತ್ತದೆಯೇ? ಒಂದೂ ಇಲ್ಲದಿದ್ದರೆ ಅಪಾಯ ಶೇ. 10ರಷ್ಟು, ಒಂದು, ಎರಡು, ಮೂರು, ನಾಲ್ಕು ಇದ್ದರೆ ಕ್ರಮವಾಗಿ ಸುಮಾರು ಶೇ. 20, 40, 60, 80. ಧೂಮಪಾನ ಮಾಡದ, ಬಸ್ ಹತ್ತಿದರೆ ತಲೆಸುತ್ತುವ ಹೆಣ್ಣುಮಗಳೊಬ್ಬಳು ಪಿತ್ತಕೋಶದ ಆಪರೇಶನ್‌ಗೆ ಬಂದರೆ ಮೊದಲ ಮೂರು ಅಂಕ ಅವಳಿಗೆ ಆಗಲೇ ಸಿಕ್ಕಿರುತ್ತವೆ. ಉತ್ತರ ಕರ್ನಾಟಕದ ಹಳ್ಳಿಗಳ ಬಹುಪಾಲು ಹೆಂಗಸರಿಗೆ ಕಡಿಮೆಯೆಂದರೂ ಎರಡು ಅಂಕ ಖಚಿತ.

ವಾಂತಿಯನ್ನು ಚಿಕ್ಕ ತೊಂದರೆ ಎಂದು ಬದಿಗೆ ತಳ್ಳುವಂತಿಲ್ಲ. ಹೊಲಿಗೆಯ ಮೇಲೆ ಒತ್ತಡ ಬೀಳುತ್ತದೆ, ದೇಹದ ನೀರು ಮತ್ತು ಲವಣ ಕಳೆದುಹೋಗುತ್ತವೆ, ಅರೆಎಚ್ಚರದಲ್ಲಿದ್ದವರ ಶ್ವಾಸನಾಳಕ್ಕೆ ವಾಂತಿ ನುಗ್ಗಬಹುದು. ಮನೆಗೆ ಕಳುಹಿಸುವುದು ತಡವಾಗುತ್ತದೆ.

ಇತಿಹಾಸ

ಮುಂಗೈಯ ಈ ಬಿಂದುವನ್ನು ಚೀನೀ ವೈದ್ಯರು ಎದೆ ಮತ್ತು ಜಠರದ ತೊಂದರೆಗಳಿಗೆ ಶತಮಾನಗಳಿಂದ ಬಳಸುತ್ತ ಬಂದಿದ್ದಾರೆ. ಇಂಥ ಬಿಂದುಗಳಿಗೆ ಸೂಜಿ ಚುಚ್ಚುವ ಅಕ್ಯುಪಂಕ್ಚರ್ ಪಶ್ಚಿಮದ ಜನಸಾಮಾನ್ಯರ ಗಮನಕ್ಕೆ ಬಂದದ್ದು 1971ರಲ್ಲಿ. ನ್ಯೂಯಾರ್ಕ್ ಟೈಮ್ಸ್‌ನ ಜೇಮ್ಸ್ ರೆಸ್ಟನ್ ಅವರಿಗೆ ಬೀಜಿಂಗ್‌ನಲ್ಲಿ ಅಪೆಂಡಿಕ್ಸ್ ಆಪರೇಶನ್ ಆಯಿತು. ಆಪರೇಶನ್ ನಡೆದದ್ದು ರೂಢಿಯ ಅರಿವಳಿಕೆ ಚುಚ್ಚುಮದ್ದಿನಲ್ಲೇ. ನಂತರ ಹೊಟ್ಟೆ ಉಬ್ಬರಿಸಿ ಸಂಕಟವಾದಾಗ ಮಾತ್ರ ವೈದ್ಯರು ಸೂಜಿ ಚುಚ್ಚಿದರು. ಆ ಅನುಭವವನ್ನು ಅವರು ತಮ್ಮ ಪತ್ರಿಕೆಯಲ್ಲಿ ಬರೆದರು. ಆಪರೇಶನ್ನೇ ಸೂಜಿಯ ಬಲದಿಂದ ನಡೆಯಿತೆಂಬ ತಪ್ಪು ಕಥೆ ಇಂದಿಗೂ ಓಡಾಡುತ್ತಿದೆ.

ಭಾರತಕ್ಕೆ ಈ ವಿದ್ಯೆ ಬಂದ ದಾರಿ ಕನ್ನಡ ನಾಡಿನ ಗಡಿಯ ಸೊಲ್ಲಾಪುರವನ್ನು ತಾಗಿ ಹೋಗುತ್ತದೆ. ಸೊಲ್ಲಾಪುರದಲ್ಲಿ 1910ರಲ್ಲಿ ಹುಟ್ಟಿದ ಡಾ. ದ್ವಾರಕಾನಾಥ ಕೋಟ್ನೀಸ್ 1938ರಲ್ಲಿ ಚೀನಾಕ್ಕೆ ಹೋದ ಐವರು ವೈದ್ಯರ ತಂಡದಲ್ಲಿದ್ದರು. ಯುದ್ಧಭೂಮಿಯ ಶಸ್ತ್ರಚಿಕಿತ್ಸಕರಾಗಿ ದುಡಿದು 1942ರಲ್ಲಿ ಅಲ್ಲಿಯೇ ತೀರಿಕೊಂಡರು. ಅದೇ ತಂಡದ ಡಾ. ಬಿಜಯಕುಮಾರ ಬಸು 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಅಕ್ಯುಪಂಕ್ಚರ್ ಕಲಿತು ಬಂದರು. ಅವರು ಕಲಕತ್ತೆಯಲ್ಲಿ ಅದನ್ನು ಆರಂಭಿಸಿದ ಮೇಲೆ ಅದು ದೇಶದ ಉಳಿದೆಡೆಗೆ ಹಬ್ಬಿತು. ಮುಂದೆ ಲೂಧಿಯಾನದಲ್ಲಿ ಕೋಟ್ನೀಸರ ಹೆಸರಿನಲ್ಲೇ ಅಕ್ಯುಪಂಕ್ಚರ್ ಆಸ್ಪತ್ರೆ ನಿಂತಿತು.

ವಾಕರಿಕೆಯ ವಿಷಯವನ್ನು ವೈಜ್ಞಾನಿಕ ಪರೀಕ್ಷೆಗೆ ಒಡ್ಡಿದವರು ಬೆಲ್‌ಫಾಸ್ಟ್‌ನ ಅರಿವಳಿಕೆ ಪ್ರಾಧ್ಯಾಪಕ ಜಾನ್ ಡಂಡಿ. ಚೀನಾಕ್ಕೆ ಹೋಗಿದ್ದಾಗ, ಗರ್ಭಿಣಿಯರಿಗೆ ಮುಂಜಾನೆಯ ವಾಕರಿಕೆ ತಡೆಯಲು ಮುಂಗೈ ಒತ್ತಿಕೊಳ್ಳುವಂತೆ ಹೇಳುವುದನ್ನು ಅವರು ಗಮನಿಸಿದ್ದರು. ಹಿಂತಿರುಗಿ ಶಸ್ತ್ರಚಿಕಿತ್ಸೆಯ ರೋಗಿಗಳಲ್ಲಿ ಆ ಬಿಂದುವಿಗೆ ಸೂಜಿ ಚುಚ್ಚಿ ಪರೀಕ್ಷಿಸಿ 1986ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಅಲ್ಲಿಂದ ಮುಂದೆ ಪ್ರಯೋಗಗಳ ಸಾಲೇ ನಡೆಯಿತು. ಗುಂಡಿಯೊಂದನ್ನು ಹೊಲಿದ, ಹಡಗಿನ ಪ್ರಯಾಣಿಕರಿಗೆಂದು ಬಂದ, ಎಳೆದರೆ ಹಿಗ್ಗುವ ಮುಂಗೈ ಪಟ್ಟಿಗಳು ಆಸ್ಪತ್ರೆಯ ಮಂಚಕ್ಕೂ ಬಂದವು.

ಆಯುರ್ವೇದದ ಮರ್ಮಗಳಿಗೂ ಈ ಬಿಂದುಗಳಿಗೂ ನಂಟು ಕಲ್ಪಿಸುವುದು ಈಚೆಗೆ ಸಾಮಾನ್ಯವಾಗಿದೆ. ಸುಶ್ರುತ ಸಂಹಿತೆ ಹೇಳುವ 107 ಮರ್ಮಗಳಲ್ಲಿ ಮಣಿಬಂಧ ಮಣಿಕಟ್ಟಿನಲ್ಲಿಯೂ ಇಂದ್ರಬಸ್ತಿ ಮುಂಗೈಯ ಮಧ್ಯದಲ್ಲಿಯೂ ಇವೆ. ಆದರೆ ಸುಶ್ರುತ ಮರ್ಮಗಳನ್ನು ವಿವರಿಸುವುದು ಶಸ್ತ್ರವೈದ್ಯನಿಗೆ ಎಚ್ಚರಿಕೆಯಾಗಿ: ಅಲ್ಲಿ ಗಾಯವಾದರೆ ಏನು ಕೇಡು, ಕತ್ತಿಯನ್ನು ಎಲ್ಲಿ ದೂರವಿಡಬೇಕು ಎಂದು. ವಾಕರಿಕೆಗೆ ಅವನ್ನು ಒತ್ತುವ ವಿಧಿ ಆ ವಿವರಣೆಯ ಉದ್ದೇಶವಲ್ಲ.

ಬಿಂದುವಿನ ಜಾಗ ಮತ್ತು ಒತ್ತುವ ಕ್ರಮ

ಅಂಗೈ ಮೇಲೆ ಮಾಡಿ ಕೈ ಚಾಚಬೇಕು. ಮಣಿಕಟ್ಟಿನಲ್ಲಿ ಅಡ್ಡಲಾಗಿ ಕಾಣುವ ಗೆರೆಯಿಂದ ಮೊಣಕೈ ಕಡೆಗೆ, ರೋಗಿಯದೇ ಇನ್ನೊಂದು ಕೈಯ ಮೂರು ಬೆರಳುಗಳನ್ನು ಜೋಡಿಸಿ ಇಟ್ಟರೆ, ಮೂರನೆಯ ಬೆರಳಿನ ಅಂಚಿಗೆ ಬಿಂದು ಬರುತ್ತದೆ. ಅಳೆಯಬೇಕಾದದ್ದು ರೋಗಿಯ ಬೆರಳುಗಳಿಂದ. ಮಗುವಿಗೆ ಮಗುವಿನ ಬೆರಳೇ ಅಳತೆ. ಹೆಬ್ಬೆರಳು ಮತ್ತು ಕಿರುಬೆರಳುಗಳ ತುದಿ ಕೂಡಿಸಿ ಮಣಿಕಟ್ಟನ್ನು ಸ್ವಲ್ಪ ಬಗ್ಗಿಸಿದರೆ ಎರಡು ಸ್ನಾಯುರಜ್ಜುಗಳು ಹುರಿಗಟ್ಟಿದ ದಾರದಂತೆ ಎದ್ದು ನಿಲ್ಲುತ್ತವೆ. ಅವೆರಡರ ನಡುವಿನ ತಗ್ಗೇ ಪಿ6. ಕೆಲವರಿಗೆ ಹುಟ್ಟಿನಿಂದಲೇ ಒಂದು ರಜ್ಜು ಇರುವುದಿಲ್ಲ. ಅಂಥವರಲ್ಲಿ ಮುಂಗೈಯ ಅಗಲದ ನಡುಮಧ್ಯವನ್ನು ಹಿಡಿಯಬೇಕು. ಆ ತಗ್ಗಿನ ಆಳದಲ್ಲಿ ಹರಿಯುವುದು ಮಧ್ಯಮ ನರ. ಸರಿಯಾದ ಕಡೆ ಒತ್ತಿದರೆ ಸಣ್ಣ ನೋವು ಅಥವಾ ಜುಮ್ಮೆನ್ನುವ ಅನುಭವವಾಗುತ್ತದೆ.

ಹೆಬ್ಬೆರಳಿನ ತುದಿಯಿಂದ ಗಟ್ಟಿಯಾಗಿ, ನೋಯುವಷ್ಟಲ್ಲದಂತೆ ಎರಡು-ಮೂರು ನಿಮಿಷ ಒತ್ತಿ ಹಿಡಿಯುವುದು ರೂಢಿ. ಬಳಿಕ ಇನ್ನೊಂದು ಕೈ. ವಾಕರಿಕೆ ಮರುಕಳಿಸಿದಾಗ ಮತ್ತೆ ಮಾಡಬಹುದು. ಪಟ್ಟಿ ಕಟ್ಟುವುದಾದರೆ ಗುಂಡಿ ಸರಿಯಾಗಿ ಆ ತಗ್ಗಿನ ಮೇಲೆ ಕೂರಬೇಕು. ಕೆಳಕ್ಕೆ ಜಾರಿ ಮಣಿಕಟ್ಟಿಗೆ ಬಂದರೆ ಪ್ರಯೋಜನವಿಲ್ಲ. ಬಳೆ ತೊಟ್ಟ ಹೆಂಗಸರಲ್ಲಿ ಈ ಜಾಗ ಬಳೆಗಳ ಕೆಳಗೇ ಸಿಗುತ್ತದೆ. ಹಸಿರು ಬಳೆ ತೆಗೆಯಲು ಒಪ್ಪದ ಬಾಣಂತಿಯ ಕೈಯಲ್ಲಿ ಬಳೆಗಳನ್ನು ಮೊಣಕೈ ಕಡೆಗೆ ಮೇಲಕ್ಕೆ ಸರಿಸಿ ಬಟ್ಟೆಯಿಂದ ಮೆಲ್ಲಗೆ ಬಿಗಿದರೆ ಬಿಂದು ತೆರವಾಗುತ್ತದೆ. ಸಲೈನ್ ಸೂಜಿ ಹಾಕಿದ ಕೈಯನ್ನು ಬಿಟ್ಟು ಇನ್ನೊಂದನ್ನು ಆಯ್ದುಕೊಳ್ಳಬೇಕು.

ಹೊತ್ತಿನ ಆಯ್ಕೆಯೇ ಫಲವನ್ನು ನಿರ್ಧರಿಸುತ್ತದೆ ಎಂಬುದು ಆರಂಭದ ಪ್ರಯೋಗಗಳಿಂದ ಕಂಡ ಮುಖ್ಯ ಪಾಠ. ಲಂಡನ್ನಿನ ಆಂಡ್ರ್ಯೂ ವಿಕರ್ಸ್ 1996ರಲ್ಲಿ 33 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದರು. ಇವು ಶಸ್ತ್ರಚಿಕಿತ್ಸೆಯ ಜೊತೆಗೆ ಗರ್ಭಿಣಿಯರ ಮತ್ತು ಕ್ಯಾನ್ಸರ್ ಔಷಧದ ವಾಕರಿಕೆಯನ್ನೂ ಒಳಗೊಂಡಿದ್ದವು. ರೋಗಿ ಪೂರ್ತಿ ಅರಿವಳಿಕೆಯಲ್ಲಿದ್ದಾಗ ಬಿಂದುವನ್ನು ಕೆಣಕಿದ ನಾಲ್ಕೂ ಪ್ರಯೋಗಗಳಲ್ಲಿ ಫಲ ಸಿಗಲಿಲ್ಲ. ಉಳಿದ 29ರಲ್ಲಿ 27 ಅನುಕೂಲವಾಗಿದ್ದವು. ಆದ್ದರಿಂದ ಎಚ್ಚರವಿದ್ದಾಗಲೇ, ಅಂದರೆ ಆಪರೇಶನ್ ಕೋಣೆಗೆ ಹೋಗುವುದಕ್ಕೆ ಅರ್ಧ ಗಂಟೆ ಮುಂಚೆ ಪಟ್ಟಿ ಕಟ್ಟುವ ರೂಢಿ ಬೆಳೆಯಿತು. ಆದರೆ ನಿದ್ರೆಯಲ್ಲಿ ಫಲವೇ ಇಲ್ಲವೆಂದು ಖಚಿತವಾಗಿ ಹೇಳುವಂತಿಲ್ಲ. 2007ರ ಒಂದು ಪ್ರಯೋಗದಲ್ಲಿ ಅರಿವಳಿಕೆಯಲ್ಲಿದ್ದ ಹೆಂಗಸರ ಮಧ್ಯಮ ನರಕ್ಕೆ ಈ ಬಿಂದುವಿನ ಮೇಲಿಂದ ಸಣ್ಣ ವಿದ್ಯುತ್ ಸ್ಪಂದನ ಕೊಟ್ಟಾಗ, ಬೇರೆ ನರಕ್ಕೆ ಕೊಟ್ಟವರಿಗಿಂತ ವಾಕರಿಕೆ ಕಡಿಮೆಯಾಗಿತ್ತು.

ಪುರಾವೆ ಏನು ಹೇಳುತ್ತದೆ

ಈ ವಿಷಯದ ದೊಡ್ಡ ಸಮೀಕ್ಷೆ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯದು. ಅನ್ನಾ ಲೀ ಮತ್ತು ಸಂಗಡಿಗರು 2015ರಲ್ಲಿ ನವೀಕರಿಸಿದ ಅದರಲ್ಲಿ 59 ಪ್ರಯೋಗಗಳು, 7,667 ರೋಗಿಗಳು ಸೇರಿದ್ದಾರೆ. ಇದರಲ್ಲಿ ಸೂಜಿ, ಬೆರಳ ಒತ್ತು, ಪಟ್ಟಿ, ವಿದ್ಯುತ್ ಸ್ಪಂದನ ಎಲ್ಲವೂ ಒಟ್ಟಿಗೆ ಬರುತ್ತವೆ. ಸುಳ್ಳು ಬಿಂದುವನ್ನು ಮುಟ್ಟಿದ ಅಥವಾ ಗುಂಡಿಯಿಲ್ಲದ ಪಟ್ಟಿ ಕಟ್ಟಿದ ಗುಂಪಿಗೆ ಹೋಲಿಸಿದರೆ ಪಿ6 ಗುಂಪಿನಲ್ಲಿ ವಾಕರಿಕೆ ಶೇ. 32ರಷ್ಟು, ವಾಂತಿ ಶೇ. 40ರಷ್ಟು ಕಡಿಮೆ. ವಾಂತಿ ತಡೆಯಲು ಹೆಚ್ಚುವರಿ ಔಷಧ ಬೇಕಾದದ್ದು ಶೇ. 36ರಷ್ಟು ಕಡಿಮೆ. ಹೀಗೆ ಲೆಕ್ಕ ಹಾಕಬಹುದು: ನೂರು ರೋಗಿಗಳಲ್ಲಿ ನಲವತ್ತು ಮಂದಿಗೆ ವಾಕರಿಕೆ ಬರುವ ವಾರ್ಡಿನಲ್ಲಿ ಈ ಕ್ರಮ ಅನುಸರಿಸಿದರೆ ಸುಮಾರು ಇಪ್ಪತ್ತೇಳು ಮಂದಿಗೆ ಬರುತ್ತದೆ. ಹದಿಮೂರು ಜನ ಪಾರಾಗುತ್ತಾರೆ, ಇಪ್ಪತ್ತೇಳು ಜನರಿಗೆ ಹೇಗೂ ಔಷಧ ಬೇಕು.

ಔಷಧಗಳೊಂದಿಗೆ ನೇರವಾಗಿ ಹೋಲಿಸಿದಾಗ ಪಿ6 ಪದ್ಧತಿಗೂ ವಾಂತಿನಿವಾರಕಗಳಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಇನ್ನಷ್ಟು ಹೋಲಿಕೆ ಪ್ರಯೋಗಗಳಿಂದ ಆ ತೀರ್ಮಾನ ಬದಲಾಗಲಾರದು ಎಂದು ಸಮೀಕ್ಷಕರು ಲೆಕ್ಕ ಹಾಕಿದ್ದಾರೆ. ಆದರೆ ಸುಳ್ಳು ಬಿಂದುವಿನ ಹೋಲಿಕೆಯ ಪುರಾವೆಗೆ ಅವರು ಕೊಟ್ಟ ದರ್ಜೆ ಕಡಿಮೆ. ಪ್ರಯೋಗಗಳ ಫಲಿತಾಂಶ ಒಂದರಿಂದ ಇನ್ನೊಂದಕ್ಕೆ ಬಹಳ ಏರುಪೇರಾಗುತ್ತದೆ, ಕೆಲವುಗಳ ವಿನ್ಯಾಸದಲ್ಲೂ ಕೊರತೆಯಿದೆ. ಕೈ ಒತ್ತುವ ಚಿಕಿತ್ಸೆಯಲ್ಲಿ, ಒತ್ತುವವರಿಗೆ ತಾವು ಯಾವ ಜಾಗ ಒತ್ತುತ್ತಿದ್ದೇವೆಂದು ತಿಳಿಯದಂತೆ ಮಾಡುವುದೂ ಕಷ್ಟ. ಕಂಡುಬಂದ ಅಡ್ಡಪರಿಣಾಮಗಳು ಚಿಕ್ಕವು: ಚರ್ಮ ಕೆಂಪಾಗುವುದು, ಗುಂಡಿ ಒತ್ತಿ ಗುಳ್ಳೆ ಏಳುವುದು, ನೋವು.

ಭಾರತದ ಪ್ರಯೋಗಗಳಲ್ಲಿ ಲಖನೌದ ಸಂಜಯ ಗಾಂಧಿ ಸ್ನಾತಕೋತ್ತರ ಸಂಸ್ಥೆಯ 2002ರ ಅಧ್ಯಯನ ಹೆಸರಿಸುವಂಥದ್ದು. ದುರ್ಬೀನಿನ ಮೂಲಕ ಪಿತ್ತಕೋಶ ತೆಗೆಸಿಕೊಂಡ 150 ರೋಗಿಗಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ಅರಿವಳಿಕೆಗೆ ಅರ್ಧ ಗಂಟೆ ಮೊದಲು ಪಟ್ಟಿ ಕಟ್ಟಿದರು, ಇನ್ನೊಂದಕ್ಕೆ ವಾಂತಿನಿವಾರಕವಾದ ಒಂಡಾನ್ಸೆಟ್ರಾನ್ 4 ಮಿಲಿಗ್ರಾಂ ಕೊಟ್ಟರು. ಮೊದಲ ಆರು ಗಂಟೆಗಳಲ್ಲಿ ಎರಡೂ ಗುಂಪುಗಳಿಗೆ, ಹೋಲಿಕೆಗೆಂದು ಇಟ್ಟ ಮೂರನೆಯದಕ್ಕಿಂತ ತೊಂದರೆ ಕಡಿಮೆಯಾಯಿತು. ಕರ್ನಾಟಕದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಡಿ ನರ್ಸಿಂಗ್ ಸ್ನಾತಕೋತ್ತರ ಪದವಿಗೆ ಬರೆಯುವ ಪ್ರಬಂಧಗಳಲ್ಲಿ ಅಕ್ಯುಪ್ರೆಶರ್ ಮೆಚ್ಚಿನ ವಸ್ತು.

ಕೆಲಸ ಮಾಡುವ ಬಗೆ

ಚೀನೀ ವೈದ್ಯ ಇದನ್ನು ಪ್ರಾಣಶಕ್ತಿಯ ಹರಿವಿನಿಂದ ವಿವರಿಸುತ್ತದೆ. ಆಧುನಿಕ ಶರೀರವಿಜ್ಞಾನ ನರಗಳ ಕಡೆ ಬೆರಳು ತೋರಿಸುತ್ತದೆ. ಈ ನಿಟ್ಟಿನಲ್ಲಿ ಡಂಡಿ ಮತ್ತು ಘಾಲಿ 1991ರಲ್ಲಿ ಪ್ರಕಟಿಸಿದ ಪ್ರಯೋಗ ಸರಳವೂ ಚುರುಕಾದುದೂ ಆಗಿತ್ತು. ಬಿಂದುವಿರುವ ಜಾಗಕ್ಕೆ ಮೊದಲೇ ಸ್ಥಳೀಯ ಅರಿವಳಿಕೆ ಚುಚ್ಚಿದರೆ ಅಲ್ಲಿ ಸೂಜಿ ಚುಚ್ಚಿದ ಫಲ ಮಾಯವಾಗುತ್ತಿತ್ತು. ಅಂದರೆ ಆ ಜಾಗದ ನರದಿಂದ ಮೆದುಳಿಗೆ ಸಂದೇಶ ಹೋಗಬೇಕು. ಅಲ್ಲಿಂದ ಮುಂದಿನ ಹಾದಿ, ಅಂದರೆ ಎಂಡಾರ್ಫಿನ್ ಬಿಡುಗಡೆ, ಸೆರೊಟೋನಿನ್ ಮಾರ್ಗದ ಬದಲಾವಣೆ, ವೇಗಸ್ ನರದ ಮೂಲಕ ಜಠರದ ಲಯ ಸರಿಹೋಗುವುದು ಇವೆಲ್ಲ ಇನ್ನೂ ಊಹೆಯ ಮಟ್ಟದಲ್ಲಿವೆ. ಯಾರೋ ಕೈ ಹಿಡಿದು ಕುಳಿತಿದ್ದಾರೆ ಎಂಬುದರಿಂದಲೇ ರೋಗಿಯ ಭಯ ಕಡಿಮೆಯಾಗುವುದೂ ಒಂದು ಪಾಲು. ಸುಳ್ಳು ಬಿಂದುವಿನ ಗುಂಪಿನೊಂದಿಗೆ ಹೋಲಿಸುವುದು ಆ ಪಾಲನ್ನು ಬೇರ್ಪಡಿಸುವುದಕ್ಕೇ.

ಇತರ ಕೈಚಿಕಿತ್ಸೆಗಳು

ಪಾದ, ಬೆನ್ನು ಅಥವಾ ಹಸ್ತದ ಮಾಲೀಸು ಆತಂಕ ಮತ್ತು ನೋವನ್ನು ತಗ್ಗಿಸುತ್ತದೆ. ನೋವು ತಗ್ಗಿದರೆ ಮಾರ್ಫಿನ್ ಜಾತಿಯ ಔಷಧದ ಅಗತ್ಯ ತಗ್ಗಿ, ವಾಕರಿಕೆಗೂ ಪರೋಕ್ಷ ಲಾಭವಾಗಬಹುದು. ಹಸ್ತ-ಬೆರಳುಗಳ ಬಿಂದುಗಳನ್ನು ಒತ್ತುವ ಕೊರಿಯಾದ ಪದ್ಧತಿಯನ್ನು ಮಕ್ಕಳಲ್ಲಿ ಪರೀಕ್ಷಿಸಲಾಗಿದೆ. ಸಣ್ಣ ಗುಂಪುಗಳ ಮೇಲೆ ನಡೆದದ್ದರಿಂದ ತೀರ್ಪು ಕೊಡಲಾಗದು. ಕಾಲಿನ ಮಾಲೀಸಿನಲ್ಲಿ ಒಂದು ಎಚ್ಚರಿಕೆ ಬೇಕು. ಆಪರೇಶನ್ ನಂತರ ದಿನಗಟ್ಟಲೆ ಮಲಗಿದವರ ಮೀನಖಂಡದಲ್ಲಿ ಬಾವು, ನೋವು ಇದ್ದರೆ ಅದು ರಕ್ತ ಹೆಪ್ಪುಗಟ್ಟಿದ್ದರ ಸೂಚನೆ ಇರಬಹುದು. ತಿಕ್ಕಿದರೆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ.

ರಬಕವಿ ಸೀಮೆಯ ಸನ್ನಿವೇಶ

ಕೃಷ್ಣಾ ನದಿಯ ಆಸುಪಾಸಿನ ರಬಕವಿ-ಬನಹಟ್ಟಿ ನೇಕಾರರ ಅವಳಿ ಊರು. ಜಮಖಂಡಿ, ಮುಧೋಳ, ಸಾಂಗಲಿ ಸಂಸ್ಥಾನಗಳಲ್ಲಿ ಹಂಚಿಹೋಗಿದ್ದ ಈ ಭಾಗದ ಜನ ದೊಡ್ಡ ಆಪರೇಶನ್‌ಗಾಗಿ ಹಿಂದಿನಿಂದಲೂ ಮಿರಜ ದಾರಿ ಹಿಡಿದವರು. ಕೆನಡಾ ಮೂಲದ ಮಿಶನರಿ ವೈದ್ಯ ವಿಲಿಯಂ ವಾನ್‌ಲೆಸ್ ಅಲ್ಲಿ 1894ರಲ್ಲಿ ಕಟ್ಟಿದ ಆಸ್ಪತ್ರೆಗೆ ಕನ್ನಡ ಜಿಲ್ಲೆಗಳ ರೋಗಿಗಳು ತಲೆಮಾರುಗಳಿಂದ ಹೋಗಿಬಂದಿದ್ದಾರೆ. ಈಚೆ ಘಟಪ್ರಭೆಯಲ್ಲಿ ಡಾ. ಎನ್. ಎಸ್. ಹರ್ಡೀಕರರ ಹೆಸರಿನೊಂದಿಗೆ ಬೆಸೆದುಕೊಂಡ ಕರ್ನಾಟಕ ಆರೋಗ್ಯಧಾಮವಿದೆ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು 1963ರಲ್ಲಿ, ವಿಜಯಪುರದ ಬಿ.ಎಲ್.ಡಿ.ಇ. ಸಂಸ್ಥೆಯದು 1986ರಲ್ಲಿ, ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು 2002ರಲ್ಲಿ ಆರಂಭವಾದ ಮೇಲೆ ದಾರಿಗಳು ಹೆಚ್ಚಿದವು. ಸಾಮಾನ್ಯ ಹೆರಿಗೆ, ಸಿಸೇರಿಯನ್, ಸಂತಾನಹರಣ ಚಿಕಿತ್ಸೆಗಳಿಗೆ ಜಮಖಂಡಿ, ಮುಧೋಳಗಳ ತಾಲ್ಲೂಕು ಆಸ್ಪತ್ರೆಗಳಿವೆ.

ಈ ಸೀಮೆಯಲ್ಲಿ ರೋಗಿಯ ಜೊತೆ ವಾರ್ಡಿನಲ್ಲಿ ಉಳಿಯುವವರು ಮನೆಮಂದಿ. ‘ಹೊಟ್ಟಿ ತೊಳಸಾಕತ್ತೈತಿ’ ಎಂದು ರೋಗಿ ಹೇಳಿದ ಕೂಡಲೇ ಅವರ ಕೈ ಹೋಗುವುದು ಹೊಟ್ಟೆ, ಎದೆ, ಬೆನ್ನಿನ ಕಡೆಗೆ. ಹೊಟ್ಟೆನೋವು, ವಾಂತಿಗಳಿಗೆ ‘ಬಟ್ಟಿ ಸರಿದಿದೆ’ ಎಂದು ಕಾರಣ ಹೇಳಿ, ಹೊಕ್ಕುಳ ಸುತ್ತ ಎಣ್ಣೆ ಹಚ್ಚಿ ತಿಕ್ಕಿಸುವುದು ಹಳ್ಳಿಗಳ ಹಳೆಯ ನಂಬಿಕೆ. ಊರಿನಲ್ಲಿ ಅದಕ್ಕೆಂದೇ ಕೈ ಪಳಗಿದವರು ಇರುತ್ತಾರೆ. ಸಾಮಾನ್ಯ ದಿನಗಳಲ್ಲಿ ಅದರ ಗುಣದೋಷ ಏನೇ ಇರಲಿ, ಹೊಟ್ಟೆ ಕೊಯ್ದ ಮೇಲೆ ಅದನ್ನು ಮಾಡಿಸಲೇಬಾರದು. ಒಳಗಿನ ಹೊಲಿಗೆ ಬಿಚ್ಚಬಹುದು, ರಕ್ತಸ್ರಾವವಾಗಬಹುದು, ಗಾಯಕ್ಕೆ ಸೋಂಕು ತಗಲಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಕರುಳು ಸಿಕ್ಕಿಕೊಂಡು ಬರುವ ವಾಂತಿಯನ್ನು ‘ಬಟ್ಟಿ’ ಎಂದು ತಿಳಿದು ಮನೆಯಲ್ಲೇ ದಿನ ಕಳೆದರೆ ಜೀವಕ್ಕೆ ಕುತ್ತು.

ಬಾಣಂತಿಗೆ ಮೈಗೆ ಎಣ್ಣೆ ಹಚ್ಚಿ ಎರೆಯುವ ಸಂಪ್ರದಾಯಕ್ಕೂ ಇದೇ ಮಾತು ಅನ್ವಯಿಸುತ್ತದೆ. ಸಿಸೇರಿಯನ್ ಆದವರಲ್ಲಿ ಗಾಯ ಮಾಯುವ ತನಕ ಹೊಟ್ಟೆಯನ್ನು ಬಿಡಬೇಕು. ಆರೈಕೆಗೆ ಹಂಬಲಿಸುವ ಮನೆಯವರ ಕೈಗೆ ಮಾಡಲು ಏನಾದರೂ ಬೇಕು, ಬರಿದೇ ಬೇಡ ಎಂದರೆ ಅವರು ಕೇಳುವುದಿಲ್ಲ. ಹೊಟ್ಟೆಯ ಬದಲು ಮುಂಗೈ ತೋರಿಸಿ, ಮೂರು ಬೆರಳಿನ ಅಳತೆ ಹೇಳಿಕೊಟ್ಟರೆ ಆ ಹಂಬಲಕ್ಕೆ ನಿರಪಾಯದ ದಾರಿ ಸಿಗುತ್ತದೆ. ಡಿಸ್ಚಾರ್ಜ್ ಆಗಿ ಬಸ್ಸಿನಲ್ಲೋ ಟಂಟಂನಲ್ಲೋ ಊರಿಗೆ ಮರಳುವಾಗಲೂ ಅದು ಉಪಯೋಗಕ್ಕೆ ಬರುತ್ತದೆ.

ಮಿತಿಗಳು ಮತ್ತು ಎಚ್ಚರ

ಡಯಾಲಿಸಿಸ್‌ಗೆಂದು ರಕ್ತನಾಳ ಜೋಡಿಸಿದ ಕೈ, ಸ್ತನ ಕ್ಯಾನ್ಸರಿನ ಆಪರೇಶನ್ ಆದ ಬದಿಯ ಕೈ, ಗಾಯ ಅಥವಾ ಬಾವು ಇರುವ ಕೈಗೆ ಪಟ್ಟಿ ಕಟ್ಟಬಾರದು, ಒತ್ತಲೂಬಾರದು. ಬೆರಳು ಜೋಮು ಹಿಡಿದರೆ, ನೀಲಿಗಟ್ಟಿದರೆ ಪಟ್ಟಿ ಕೂಡಲೇ ತೆಗೆಯಬೇಕು. ರಕ್ತ ತಿಳಿಯಾಗಿಸುವ ಮಾತ್ರೆ ತಿನ್ನುವವರಲ್ಲಿ ಮೆಲ್ಲಗೆ ಒತ್ತಬೇಕು, ಇಲ್ಲದಿದ್ದರೆ ಕಂದುಗಟ್ಟುತ್ತದೆ.

ಹಸಿರು ಅಥವಾ ರಕ್ತ ಬೆರೆತ ವಾಂತಿ, ಹೊಟ್ಟೆ ಉಬ್ಬಿ ಗಾಳಿ-ಮಲ ಕಟ್ಟಿಹೋಗುವುದು, ಜ್ವರ, ಏರುವ ಹೊಟ್ಟೆನೋವು, ಎದೆನೋವು, ತಲೆಸುತ್ತಿ ಬೀಳುವಂತಾಗುವುದು ಇವುಗಳಲ್ಲಿ ಒಂದು ಕಂಡರೂ ಒತ್ತುತ್ತ ಕೂರದೆ ನರ್ಸ್ ಅಥವಾ ವೈದ್ಯರನ್ನು ಕರೆಯಬೇಕು. ಈ ಸ್ಥಿತಿಗಳಲ್ಲಿ ವಾಂತಿ ಬೇರೊಂದು ಅಪಾಯದ ಲಕ್ಷಣ.

ಇಂದಿನ ಸ್ಥಾನಮಾನ

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 1997ರಲ್ಲಿ ಕರೆದ ತಜ್ಞರ ಸಭೆ, ಶಸ್ತ್ರಚಿಕಿತ್ಸೆ ಮತ್ತು ಕ್ಯಾನ್ಸರ್ ಔಷಧಗಳ ನಂತರದ ವಾಕರಿಕೆಗೆ ಅಕ್ಯುಪಂಕ್ಚರ್ ಭರವಸೆಯದು ಎಂದಿತು. 2020ರಲ್ಲಿ ಹೊರಬಂದ ಅಂತರರಾಷ್ಟ್ರೀಯ ಒಮ್ಮತದ ಮಾರ್ಗಸೂಚಿಯ ನಾಲ್ಕನೆಯ ಆವೃತ್ತಿ, ಪಿ6 ಉದ್ದೀಪನೆಯನ್ನು ಔಷಧೇತರ ಕ್ರಮವಾಗಿ ಅಂಗೀಕರಿಸಿದೆ. ಅದೇ ಮಾರ್ಗಸೂಚಿ ಅಪಾಯದ ಅಂಕ ಏರಿದಂತೆ ಒಂದಕ್ಕಿಂತ ಹೆಚ್ಚು ಬಗೆಯ ತಡೆಕ್ರಮಗಳನ್ನು ಒಟ್ಟಿಗೆ ಬಳಸಲು ಹೇಳುತ್ತದೆ. ಒಂಡಾನ್ಸೆಟ್ರಾನ್, ಡೆಕ್ಸಾಮೆಥಸೋನ್‌ಗಳು, ಅನಿಲದ ಬದಲು ಪ್ರೊಪೊಫಾಲ್ ಅರಿವಳಿಕೆ, ಮಾರ್ಫಿನ್ ಜಾತಿಯ ಔಷಧದ ಮಿತ ಬಳಕೆ ಇವುಗಳ ಸಾಲಿನಲ್ಲಿ ಮುಂಗೈ ಒತ್ತುವುದಕ್ಕೂ ಒಂದು ಜಾಗವಿದೆ.

ಭಾರತ ಸರ್ಕಾರದ ಆರೋಗ್ಯ ಸಚಿವಾಲಯ 2003ರಲ್ಲಿ ಅಕ್ಯುಪಂಕ್ಚರನ್ನು ಚಿಕಿತ್ಸಾ ವಿಧಾನವೆಂದೂ 2019ರಲ್ಲಿ ಸ್ವತಂತ್ರ ಪದ್ಧತಿಯೆಂದೂ ಒಪ್ಪಿತು. ಕರ್ನಾಟಕದಲ್ಲಿ ಉಜಿರೆಯ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಪ್ರಕೃತಿ ಚಿಕಿತ್ಸಾ ಮತ್ತು ಯೋಗವಿಜ್ಞಾನ ಕಾಲೇಜು 1989ರಿಂದ ನೀಡುತ್ತಿರುವ ಪದವಿಯ ಪಾಠಕ್ರಮದಲ್ಲಿ ಅಕ್ಯುಪಂಕ್ಚರ್, ಅಕ್ಯುಪ್ರೆಶರ್, ಮಾಲೀಸುಗಳು ಸೇರಿವೆ. ಸೂಜಿ ಚುಚ್ಚಲು ಅಂಥ ತರಬೇತಿ ಬೇಕು. ಬೆರಳಿನಿಂದ ಒತ್ತಲು ಬೇಕಾದದ್ದು ವಾರ್ಡಿನ ನರ್ಸ್ ಒಮ್ಮೆ ಕೈ ಹಿಡಿದು ತೋರಿಸುವಷ್ಟು ಮಾತ್ರ. ಆ ತೋರಿಸುವಿಕೆ ಆಪರೇಶನ್ನಿನ ಹಿಂದಿನ ದಿನವೇ, ಒಪ್ಪಿಗೆಪತ್ರಕ್ಕೆ ಸಹಿ ಹಾಕಿಸುವ ಹೊತ್ತಿಗೆ ನಡೆದರೆ, ವಾಕರಿಕೆ ಶುರುವಾಗುವ ಮುಂಚೆಯೇ ಒತ್ತು ಬೀಳುತ್ತದೆ. ಪ್ರಯೋಗಗಳಲ್ಲಿ ಫಲ ಕಂಡದ್ದು ಹೆಚ್ಚಾಗಿ ಹಾಗೆ ಮಾಡಿದಾಗಲೇ.